ಊರಿಗೆಲ್ಲ ಒಂದೇ ಹೆಸರು: ಸಾಮಾನ್ಯ ಹೆಸರಿನ ಲಾಭ-ನಷ್ಟಗಳು

ಹೊಸ ಶೈಕ್ಷಣಿಕ ವರ್ಷದ ಹಾಜರಿ ಪುಸ್ತಕವನ್ನು ಬರೆಯುವ ಅಧ್ಯಾಪಕರಿಗೆ ಒಂದು ವಿಷಯ ಚೆನ್ನಾಗಿ ತಿಳಿದಿರುತ್ತದೆ. ಗಡಿನಾಡಿನ ಪ್ರತಿಯೊಂದು ಸೀಮೆಗೂ ತನ್ನದೇ ಆದ ಕೆಲವು ಹೆಸರುಗಳಿವೆ; ಅವು ತಲೆಮಾರಿನಿಂದ ತಲೆಮಾರಿಗೆ ಮರಳಿ ಮರಳಿ ಬರುತ್ತವೆ. ತಾಳವಾಡಿಯ ಬೆಟ್ಟದ ಮೇಲೆ ಮಾದಪ್ಪ, ಮಹದೇವ, ಮಾದೇವಿ, ನಂಜುಂಡ. ಸೊಲ್ಲಾಪುರ, ಅಕ್ಕಲಕೋಟೆಗಳಲ್ಲಿ ಸಿದ್ಧರಾಮ, ಮಲ್ಲಿಕಾರ್ಜುನ, ಮಲ್ಲಿನಾಥ. ಆದೋನಿಯ ಸುತ್ತ ಈರಣ್ಣ, ರಾಘವೇಂದ್ರ. ಮಡಕಶಿರಾ, ರಾಯದುರ್ಗಗಳಲ್ಲಿ ಹನುಮಂತರಾಯ, ತಿಪ್ಪೇಸ್ವಾಮಿ. ಹೊಸೂರಿನಲ್ಲಿ ಮುನಿಯಪ್ಪ, ಮುನಿರಾಜು. ಕಾಸರಗೋಡಿನಲ್ಲಿ ಗಣಪತಿ, ಸುಬ್ರಹ್ಮಣ್ಯ, ಮಹಾಲಿಂಗ, ಅಬ್ದುಲ್ಲ, ಮಹಮ್ಮದ್. ಒಂದೇ ತರಗತಿಯಲ್ಲಿ ಇಬ್ಬರು, ಒಂದೇ ಶಾಲೆಯಲ್ಲಿ ಐದಾರು ಮಂದಿ ಒಂದೇ ಹೆಸರಿನವರಿರುವುದು ನಮ್ಮಲ್ಲಿ ಅಪರೂಪವಲ್ಲ.

ಇಂತಹ ಹೆಸರು ಮಗುವಿಗೆ ಒಳ್ಳೆಯದೇ, ತೊಡಕೇ ಎಂಬ ಪ್ರಶ್ನೆಯನ್ನು ಮಗುವಿಗೆ ಹೆಸರಿಡುವ ದಿನ ನಾವು ಕೇಳಿಕೊಳ್ಳುವುದಿಲ್ಲ. ಹತ್ತನೆಯ ತರಗತಿಯ ಅಂಕಪಟ್ಟಿ, ವಿದ್ಯಾರ್ಥಿವೇತನ, ಪಾಸ್‌ಪೋರ್ಟ್ ಇವುಗಳ ಹೊತ್ತಿಗೆ ಅದು ತಾನಾಗಿ ಎದುರಾಗುತ್ತದೆ. ಕರ್ನಾಟಕದ ಒಳಗಿನ ಕುಟುಂಬಕ್ಕಿಂತ ನಮಗೆ ಈ ಪ್ರಶ್ನೆ ಸ್ವಲ್ಪ ಹೆಚ್ಚು ಜಟಿಲವಾದುದು. ನಮ್ಮ ಮಕ್ಕಳ ಹೆಸರು ಕನ್ನಡದಲ್ಲಿ ಹುಟ್ಟಿ, ರಾಜ್ಯಭಾಷೆಯ ಲಿಪಿಯನ್ನು ದಾಟಿ, ಇಂಗ್ಲಿಷ್ ಅಕ್ಷರಗಳಲ್ಲಿ ನೆಲೆಗೊಳ್ಳಬೇಕಾಗಿರುವುದೇ ಇದಕ್ಕೆ ಕಾರಣ.

ಹೆಸರುಗಳು ಸಾಮಾನ್ಯವಾಗುವುದು ಏಕೆ?

ಮೊದಲನೆಯ ಕಾರಣ ದೈವಭಕ್ತಿ. ಒಂದು ಕ್ಷೇತ್ರದ ಪ್ರಭಾವವು ಎಲ್ಲಿಯವರೆಗೆ ಹಬ್ಬಿದೆಯೋ ಅಲ್ಲಿಯವರೆಗೆ ಆ ದೇವರ ಹೆಸರೂ ಹಬ್ಬಿರುತ್ತದೆ. ಮಲೆ ಮಹದೇಶ್ವರನ ಬೆಟ್ಟ ಚಾಮರಾಜನಗರ ಜಿಲ್ಲೆಯಲ್ಲಿದ್ದರೂ ಅವನ ಒಕ್ಕಲು ತಮಿಳುನಾಡಿನ ತಾಳವಾಡಿಯಲ್ಲೂ ಇದೆ. ಉರುಕುಂದದ ಈರಣ್ಣಸ್ವಾಮಿ, ಮಂತ್ರಾಲಯದ ರಾಘವೇಂದ್ರಸ್ವಾಮಿ ಆದೋನಿ ಸೀಮೆಯ ಮನೆಮನೆಗೂ ಹೆಸರು ಕೊಟ್ಟಿದ್ದಾರೆ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಬಾಳಿದ ಶಿವಯೋಗಿ ಸಿದ್ಧರಾಮನ ಹೆಸರು ಇಂದಿಗೂ ಅಲ್ಲಿನ ಶಾಲೆಗಳ ಹಾಜರಿ ಪುಸ್ತಕಗಳಲ್ಲಿದೆ. ರಾಜ್ಯಗಳ ಗಡಿಯನ್ನು 1956ರಲ್ಲಿ ಎಳೆದವರು ನಕ್ಷೆಯನ್ನು ಬದಲಿಸಿದರೇ ಹೊರತು ಹೆಸರುಗಳ ಸೀಮೆಯನ್ನು ಬದಲಿಸಲಿಲ್ಲ.

ಎರಡನೆಯ ಕಾರಣ ಹಿರಿಯರ ಸ್ಮರಣೆ. ಮೊದಲ ಮೊಮ್ಮಗನಿಗೆ ಅಜ್ಜನ ಹೆಸರು, ಮೊಮ್ಮಗಳಿಗೆ ಅಜ್ಜಿಯ ಹೆಸರು ಇಡುವ ರೂಢಿ ಅನೇಕ ಸಮುದಾಯಗಳಲ್ಲಿದೆ. ಅಜ್ಜನಿಗೆ ಮೂವರು ಗಂಡುಮಕ್ಕಳಿದ್ದು ಮೂವರೂ ತಮ್ಮ ಹಿರಿಯ ಮಗನಿಗೆ ಆ ಹೆಸರನ್ನೇ ಇಟ್ಟರೆ ಒಂದೇ ಮನೆತನದಲ್ಲಿ ಒಂದೇ ಹೆಸರಿನ ಮೂವರು ಬೆಳೆಯುತ್ತಾರೆ.

ಮೂರನೆಯ ಕಾರಣ ಕಾಲದ ಒಲವು. ಹಳೆಯ ಹೆಸರು ಬೇಡ, ಯಾರಿಗೂ ಇಲ್ಲದ ಹೆಸರು ಬೇಕು ಎಂದು ಹುಡುಕುವ ತಂದೆತಾಯಿಗಳು ಒಂದೇ ಚಲನಚಿತ್ರವನ್ನು ನೋಡುತ್ತಾರೆ, ಒಂದೇ ಹೆಸರುಪಟ್ಟಿಯನ್ನು ಓದುತ್ತಾರೆ. ಐದು ವರ್ಷ ಕಳೆದು ಮಕ್ಕಳು ಒಂದನೆಯ ತರಗತಿಗೆ ಸೇರುವಾಗ ಆ ಅಪೂರ್ವ ಹೆಸರಿನವರೇ ಸಾಲಾಗಿ ಕುಳಿತಿರುತ್ತಾರೆ. ಹಳೆಯ ಸಾಮಾನ್ಯ ಹೆಸರು ಅಜ್ಜನಿಂದ ಮೊಮ್ಮಗನವರೆಗೆ ಹರಡಿರುತ್ತದೆ. ಹೊಸ ಸಾಮಾನ್ಯ ಹೆಸರು ಒಂದೇ ವಯಸ್ಸಿನವರಲ್ಲಿ ಗುಂಪುಗೂಡುತ್ತದೆ. ಶಾಲೆಯ ದೃಷ್ಟಿಯಿಂದ ನೋಡಿದರೆ ಎರಡನೆಯದೇ ಹೆಚ್ಚು ಗೊಂದಲಕಾರಿ.

ಸಾಮಾನ್ಯ ಹೆಸರಿನ ಅನುಕೂಲಗಳು

ಎಲ್ಲರಿಗೂ ಗೊತ್ತಿರುವ ಹೆಸರನ್ನು ಯಾರೂ ತಪ್ಪಾಗಿ ಕರೆಯುವುದಿಲ್ಲ. ರಮೇಶ, ಲಕ್ಷ್ಮಿ, ಗೀತಾ, ಗಣೇಶ ಮೊದಲಾದ ಹೆಸರುಗಳು ಮಲಯಾಳ, ತಮಿಳು, ತೆಲುಗು, ಮರಾಠಿ ಭಾಷೆಗಳಲ್ಲಿಯೂ ಇವೆ. ಕನ್ನಡ ಶಾಲೆಯಿಂದ ಏಳನೆಯ ಅಥವಾ ಹತ್ತನೆಯ ತರಗತಿ ಮುಗಿಸಿ ರಾಜ್ಯಭಾಷೆಯ ಸಂಸ್ಥೆಗೆ ಸೇರುವ ಮಗುವಿಗೆ ಇದು ಸಣ್ಣ ಉಪಕಾರವಲ್ಲ. ಮೊದಲ ದಿನವೇ ಹೆಸರನ್ನು ಮೂರು ಬಾರಿ ಬಿಡಿಸಿ ಹೇಳಬೇಕಾದ ಸಂಕೋಚ ಅದಕ್ಕೆ ಇರುವುದಿಲ್ಲ.

ಎರಡನೆಯದು, ಸಾಮಾನ್ಯ ಹೆಸರು ನಂಟಿನ ಗುರುತು. ಈರಣ್ಣ ಎಂದೊಡನೆ ಆದೋನಿಯವರು ಅವನನ್ನು ತಮ್ಮವನೆಂದು ತಿಳಿಯುತ್ತಾರೆ. ದೂರದ ನಗರದಲ್ಲಿ ಕೆಲಸ ಹುಡುಕುವ ತರುಣನಿಗೆ ಇಂತಹ ಪರಿಚಯ ಒಂದು ಬಾಗಿಲನ್ನಾದರೂ ತೆರೆಯುತ್ತದೆ. ಭಾಷೆಯ ಹಕ್ಕಿಗಾಗಿ ನಾವು ಎಷ್ಟೋ ಮನವಿಗಳನ್ನು ಬರೆದಿದ್ದೇವೆ. ಆದರೆ ಒಂದು ಸೀಮೆಯಲ್ಲಿ ಕನ್ನಡ ಎಷ್ಟು ಕಾಲದಿಂದ ಬಾಳಿದೆ ಎಂಬುದಕ್ಕೆ ಅಲ್ಲಿನ ಜನರ ಹೆಸರುಗಳು ಕೂಡ ಒಂದು ಸಾಕ್ಷಿ. ಅಪ್ಪ, ಅಣ್ಣ, ಅಮ್ಮ, ಅಕ್ಕ ಎಂದು ಕೊನೆಗೊಳ್ಳುವ ಹೆಸರುಗಳು ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆಗಳ ಹಳೆಯ ದಾಖಲೆಗಳಲ್ಲಿ ಇರುವಷ್ಟು ಕಾಲ ಆ ಸಾಕ್ಷಿ ಅಳಿಯದು.

ಮೂರನೆಯದು ಈ ಕಾಲಕ್ಕೆ ಸೇರಿದ ಅನುಕೂಲ. ಅಪೂರ್ವ ಹೆಸರಿನವನ ಬಗ್ಗೆ ಅಂತರಜಾಲದಲ್ಲಿ ಹುಡುಕಿದರೆ ಅವನ ಹಳೆಯ ಚಿತ್ರ, ಬರಹ, ಫಲಿತಾಂಶ ಎಲ್ಲವೂ ಒಂದೇ ಕ್ಷಣದಲ್ಲಿ ದೊರೆಯುತ್ತವೆ. ಸಾವಿರಾರು ಮಂಜುನಾಥರ ನಡುವೆ ಒಬ್ಬ ಮಂಜುನಾಥ ಮರೆಯಾಗಿ ಉಳಿಯಬಲ್ಲ. ಹದಿಹರೆಯದಲ್ಲಿ ಬರೆದ ಒಂದು ಅವಿವೇಕದ ಮಾತು ಬದುಕಿನುದ್ದಕ್ಕೂ ಬೆನ್ನಟ್ಟುವ ಈ ಕಾಲದಲ್ಲಿ ಇದು ಒಂದು ಬಗೆಯ ರಕ್ಷಣೆಯೇ ಸರಿ.

ಅನನುಕೂಲಗಳು: ಒಂದು ಸಣ್ಣ ಲೆಕ್ಕ

ತೊಂದರೆಯ ಪ್ರಮಾಣವನ್ನು ಅರಿಯಲು ಒಂದು ಊಹೆಯ ಲೆಕ್ಕವನ್ನು ನೋಡೋಣ. ಒಂದು ಸೀಮೆಯಲ್ಲಿ ನೂರು ಗಂಡುಮಕ್ಕಳಲ್ಲಿ ಇಬ್ಬರಿಗೆ ಒಂದೇ ಹೆಸರಿದೆ ಎನ್ನಿ. 300 ಗಂಡುಮಕ್ಕಳ ಶಾಲೆಯಲ್ಲಿ ಸರಾಸರಿ 6 ಮಂದಿ ಆ ಹೆಸರಿನವರಿರುತ್ತಾರೆ. 30 ಗಂಡುಮಕ್ಕಳ ಒಂದು ತರಗತಿಯಲ್ಲಿ ಆ ಹೆಸರಿನ ಇಬ್ಬರು ಅಥವಾ ಹೆಚ್ಚಿನವರು ಇರುವ ಸಂಭವ ಸುಮಾರು ಎಂಟರಲ್ಲಿ ಒಂದು. ಇದು ಒಂದೇ ಹೆಸರಿನ ಮಾತು. ಅಷ್ಟೇ ಸಾಮಾನ್ಯವಾದ ಇನ್ನೂ ಹತ್ತು ಹೆಸರುಗಳಿದ್ದರೆ ಯಾವುದೋ ಒಂದು ಹೆಸರು ತರಗತಿಯಲ್ಲಿ ಎರಡು ಬಾರಿ ಬರುವ ಸಂಭವ ಸುಮಾರು ನಾಲ್ಕರಲ್ಲಿ ಮೂರು.

ಈಗ ತಂದೆಯ ಹೆಸರನ್ನೂ ಸೇರಿಸೋಣ. ಅದೂ 50ರಲ್ಲಿ ಒಬ್ಬರಿಗೆ ಇರುವ ಹೆಸರಾದರೆ, ಮಗುವಿನ ಹೆಸರು ಮತ್ತು ತಂದೆಯ ಹೆಸರು ಎರಡೂ ಹೊಂದುವವರು 2,500ರಲ್ಲಿ ಒಬ್ಬರು. ಅದೇ ವರ್ಷದಲ್ಲಿ ಹುಟ್ಟಿದವರ ನಡುವೆ ಜನ್ಮದಿನವನ್ನೂ ಸೇರಿಸಿದರೆ ಒಂಬತ್ತು ಲಕ್ಷಕ್ಕೆ ಒಬ್ಬರು. ಒಂದು ಹೆಸರು ಎಷ್ಟೇ ಸಾಮಾನ್ಯವಾಗಿರಲಿ, ಅದರ ಜೊತೆಗೆ ಇನ್ನೆರಡು ಗುರುತುಗಳು ಪೂರ್ಣವಾಗಿ, ಸರಿಯಾಗಿ ಇದ್ದರೆ ಗೊಂದಲವು ಬಹಳಮಟ್ಟಿಗೆ ನಿವಾರಣೆಯಾಗುತ್ತದೆ. ತೊಂದರೆ ಹುಟ್ಟುವುದು ಆ ಜೊತೆ ಗುರುತುಗಳು ಒಂದಕ್ಷರಕ್ಕೆ ಕುಗ್ಗಿದಾಗ, ಅಥವಾ ಒಂದು ದಾಖಲೆಯಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಮತ್ತೊಂದು ರೀತಿ ಇದ್ದಾಗ. ಗಡಿನಾಡಿನಲ್ಲಿ ಈ ಎರಡೂ ಸುಲಭವಾಗಿ ಘಟಿಸುತ್ತವೆ.

ಇನಿಷಿಯಲ್: ಒಂದು ಅಕ್ಷರ, ನಾಲ್ಕು ಅರ್ಥ

ಎಂ. ಗೋವಿಂದ ಪೈ ಎಂಬ ಹೆಸರಿನಲ್ಲಿ ‘ಎಂ’ ಎಂದರೆ ಮಂಜೇಶ್ವರ. 1949ರಲ್ಲಿ ಮದರಾಸು ಸರಕಾರವು ರಾಷ್ಟ್ರಕವಿ ಎಂದು ಗೌರವಿಸಿದ ಆ ಮಹನೀಯರ ಹೆಸರಿನ ಮೊದಲಕ್ಷರ ಊರನ್ನು ಹೇಳುತ್ತದೆ. ಆದರೆ ಇದೇ ‘ಎಂ’ ಎಲ್ಲ ರಾಜ್ಯಗಳಲ್ಲೂ ಇದೇ ಅರ್ಥವನ್ನು ಕೊಡುವುದಿಲ್ಲ. ತಮಿಳುನಾಡಿನಲ್ಲಿ ಅದು ಸಾಮಾನ್ಯವಾಗಿ ತಂದೆಯ ಹೆಸರಿನ ಮೊದಲಕ್ಷರ. ಆಂಧ್ರಪ್ರದೇಶ, ತೆಲಂಗಾಣಗಳಲ್ಲಿ ಅದು ಇಂಟಿಪೇರು, ಎಂದರೆ ಮನೆತನದ ಹೆಸರು. ಕೇರಳದಲ್ಲಿ ಅದು ಮನೆಯ ಹೆಸರಿರಬಹುದು, ಊರಿರಬಹುದು, ತಂದೆ ಅಥವಾ ತಾಯಿಯ ಹೆಸರಿರಬಹುದು. ಹೆಸರಿನ ಹಿಂದೆಯೂ ಇರಬಹುದು, ಮುಂದೆಯೂ ಇರಬಹುದು. ಮಹಾರಾಷ್ಟ್ರದಲ್ಲಿ ಇನಿಷಿಯಲ್‌ಗಿಂತ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಪೂರ್ಣಕ್ರಮವೇ ರೂಢಿಯಲ್ಲಿದೆ. ಅಲ್ಲಿನ ಸರಕಾರವು 2024ರ ಮಾರ್ಚ್‌ನಲ್ಲಿ, 2024ರ ಮೇ 1 ಮತ್ತು ಅನಂತರ ಜನಿಸಿದ ಮಕ್ಕಳ ಹೆಸರಿನೊಡನೆ ತಂದೆಯ ಹೆಸರಿಗಿಂತ ಮೊದಲು ತಾಯಿಯ ಹೆಸರನ್ನೂ ಸರಕಾರಿ ದಾಖಲೆಗಳಲ್ಲಿ ಬರೆಯಬೇಕೆಂದು ತೀರ್ಮಾನಿಸಿದೆ.

ಇದರ ಪರಿಣಾಮವೇನೆಂದು ಮೇಲೆ ಹೇಳಿದ ಅಜ್ಜನ ಹೆಸರಿನ ಉದಾಹರಣೆಯಿಂದಲೇ ತಿಳಿಯಬಹುದು. ಅಜ್ಜ ಹನುಮಂತಪ್ಪ, ಮಕ್ಕಳು ತಿಪ್ಪೇಸ್ವಾಮಿ, ತಿಮ್ಮಪ್ಪ, ನಾಗರಾಜ, ಮೂವರ ಹಿರಿಯ ಮಗನ ಹೆಸರೂ ಹನುಮಂತಪ್ಪ ಎನ್ನಿ. ಆಂಧ್ರದ ರೂಢಿಯಂತೆ ಮನೆತನದ ಅಕ್ಷರ ಮೂವರಿಗೂ ಒಂದೇ. ಆದುದರಿಂದ ಮೂವರ ಹೆಸರೂ ಅಕ್ಷರಶಃ ಒಂದೇ ಆಗುತ್ತದೆ. ತಮಿಳುನಾಡಿನ ರೂಢಿಯಂತೆ ನಾಗರಾಜನ ಮಗ ಬೇರೆಯಾಗುತ್ತಾನೆ. ಆದರೆ ತಿಪ್ಪೇಸ್ವಾಮಿ ಮತ್ತು ತಿಮ್ಮಪ್ಪ ಒಂದೇ ಅಕ್ಷರದಿಂದ ಆರಂಭವಾಗುವುದರಿಂದ ಅವರ ಮಕ್ಕಳು ಒಂದಾಗಿಯೇ ಉಳಿಯುತ್ತಾರೆ. ಮಹಾರಾಷ್ಟ್ರದ ಕ್ರಮದಲ್ಲಿ ತಂದೆಯ ಪೂರ್ಣ ಹೆಸರು ಇರುವುದರಿಂದ ಮೂವರೂ ಬೇರೆ ಬೇರೆ. ಒಂದೇ ಕುಟುಂಬ, ಒಂದೇ ಹೆಸರು. ನಾವು ಯಾವ ರಾಜ್ಯದಲ್ಲಿದ್ದೇವೆ ಎಂಬುದರ ಮೇಲೆ ಗೊಂದಲದ ಪ್ರಮಾಣ ಬದಲಾಗುತ್ತದೆ.

ಅಡ್ಡಹೆಸರು ಎಲ್ಲ ಕಡೆಯೂ ಬಿಡಿಸಿ ತೋರಿಸುತ್ತದೆಂದು ತಿಳಿಯಬಾರದು. ಪಾಟೀಲ, ಕುಲಕರ್ಣಿ, ಬಿರಾದಾರ ಇವು ಹಿಂದೆ ಗ್ರಾಮಾಧಿಕಾರದ ಹುದ್ದೆಗಳ ಹೆಸರಾಗಿದ್ದವು. ಊರಿಗೊಬ್ಬರಂತೆ ಇದ್ದ ಕಾರಣ ಇಂದು ಅವು ಊರೂರಿಗೂ ಇವೆ. ಶೆಟ್ಟಿ, ರೈ, ಭಟ್, ನಾಯ್ಕ ಎಂಬವೂ ಹಾಗೆಯೇ. ಸಾಮಾನ್ಯ ಹೆಸರಿಗೆ ಸಾಮಾನ್ಯ ಅಡ್ಡಹೆಸರು ಸೇರಿದರೆ ಗುರುತು ಹೆಚ್ಚಾಗುವುದಿಲ್ಲ.

ಲಿಪಿಯಿಂದ ಲಿಪಿಗೆ

ಕನ್ನಡದಲ್ಲಿ ಬೇರೆ ಬೇರೆಯಾಗಿರುವ ಹೆಸರುಗಳು ಇನ್ನೊಂದು ಲಿಪಿಯಲ್ಲಿ ಒಂದಾಗಬಹುದು. ತಮಿಳು ಲಿಪಿಯಲ್ಲಿ ಪ ಮತ್ತು ಬ, ಕ ಮತ್ತು ಗ, ತ ಮತ್ತು ದ ಇವುಗಳಿಗೆ ಬೇರೆ ಅಕ್ಷರಗಳಿಲ್ಲ, ಮಹಾಪ್ರಾಣಗಳೂ ಇಲ್ಲ. ಆದುದರಿಂದ ಭಾವನಾ ಎಂಬ ಹುಡುಗಿ ಮತ್ತು ಪಾವನಾ ಎಂಬ ಹುಡುಗಿ ತಮಿಳು ದಾಖಲೆಯಲ್ಲಿ ಒಂದೇ ರೀತಿಯಲ್ಲಿ ಬರೆಯಲ್ಪಡುತ್ತಾರೆ. ಆ ತಮಿಳು ರೂಪವನ್ನು ನೋಡಿ ಮತ್ತೊಬ್ಬರು ಇಂಗ್ಲಿಷಿಗೆ ಬರೆದರೆ ಯಾರು ಯಾರೆಂದು ಹೇಳುವುದು ಕಷ್ಟ. ದೇವನಾಗರಿಯಲ್ಲಿ ಮರಾಠಿಯನ್ನು ಬರೆಯುವಾಗ ಹ್ರಸ್ವ ಎಕಾರ, ಒಕಾರಗಳಿಗೆ ಪ್ರತ್ಯೇಕ ಚಿಹ್ನೆಗಳ ಬಳಕೆಯಿಲ್ಲ. ಚೆನ್ನಪ್ಪ ಒಮ್ಮೆ ಚನ್ನಪ್ಪನಾಗುತ್ತಾನೆ, ಒಮ್ಮೆ ಚೇನ್ನಪ್ಪನಾಗುತ್ತಾನೆ. ಮಲಯಾಳ ಲಿಪಿಯಲ್ಲಿ ಎಲ್ಲ ಅಕ್ಷರಗಳೂ ಇವೆ. ಆದರೆ ಗೋಪಾಲನ್, ರಾಘವನ್ ಎಂಬ ರೂಪಗಳಿಗೆ ಒಗ್ಗಿದ ಕೈ ನಮ್ಮ ಗೋಪಾಲನಿಗೂ ರಾಘವನಿಗೂ ಒಂದು ನಕಾರವನ್ನು ಸೇರಿಸಿಬಿಡಬಹುದು. ತೆಲುಗು ಲಿಪಿ ಕನ್ನಡಕ್ಕೆ ಬಹಳ ಹತ್ತಿರವಾದುದರಿಂದ ಈ ನಷ್ಟ ಅಲ್ಲಿ ಕಡಿಮೆ.

ಇಂಗ್ಲಿಷ್ ಅಕ್ಷರಗಳ ಕಥೆ ಇನ್ನೂ ವಿಚಿತ್ರವಾದುದು. ಗೀತಾ ಎಂಬ ಹೆಸರಿನ ತಕಾರಕ್ಕೆ ಕೇರಳ, ತಮಿಳುನಾಡುಗಳಲ್ಲಿ ಸಾಮಾನ್ಯವಾಗಿ ‘ಟಿ-ಎಚ್’ ಬರೆಯುತ್ತಾರೆ. ಮಹಾರಾಷ್ಟ್ರದಲ್ಲಿ ಬರಿಯ ‘ಟಿ’ ಸಾಕು. ಲತಾ, ಸವಿತಾ, ಜ್ಯೋತಿ, ಭಾರತಿ ಎಲ್ಲರಿಗೂ ಇದೇ ಪಾಡು. ಕೊನೆಯ ಅಕಾರವನ್ನು ಬರೆಯಬೇಕೇ ಬೇಡವೇ ಎಂಬುದು ಮತ್ತೊಂದು ಪ್ರಶ್ನೆ: ಬಸವರಾಜ ಎಂಬುದಕ್ಕೆ ಕೊನೆಯಲ್ಲಿ ‘ಎ’ ಇರುವ ಮತ್ತು ಇಲ್ಲದ ಎರಡು ರೂಪಗಳು ಚಾಲ್ತಿಯಲ್ಲಿವೆ. ಮಹಮ್ಮದ್ ಎಂಬ ಹೆಸರಿಗೆ ಇರುವ ಇಂಗ್ಲಿಷ್ ರೂಪಗಳು ಹತ್ತಕ್ಕೂ ಹೆಚ್ಚು. ಜೊತೆಗೆ ‘ಎಂ-ಡಿ’ ಎಂಬ ಸಂಕ್ಷೇಪವೂ ಇದೆ. ಅಪೂರ್ವ ಹೆಸರನ್ನು ಬರೆಯುವವರು ಕೇಳಿ ಬರೆಯುತ್ತಾರೆ. ಸಾಮಾನ್ಯ ಹೆಸರನ್ನು ಕೇಳದೆಯೇ, ತಮಗೆ ಅಭ್ಯಾಸವಾದಂತೆ ಬರೆದುಬಿಡುತ್ತಾರೆ. ಎಲ್ಲರಿಗೂ ಗೊತ್ತಿರುವ ಹೆಸರೇ ಹೆಚ್ಚು ತಪ್ಪಾಗುವುದಕ್ಕೆ ಇದೇ ಕಾರಣ.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಒಂದು ಹೆಸರು ಸಾಮಾನ್ಯವೋ ಅಲ್ಲವೋ ಎಂಬುದು ಎಲ್ಲಿ ನಿಂತು ನೋಡುತ್ತೇವೆ ಎಂಬುದನ್ನು ಅವಲಂಬಿಸಿದೆ. ತಾಳವಾಡಿಯಲ್ಲಿ ಮಾದಪ್ಪ ಮನೆಮಾತು. ಘಟ್ಟವಿಳಿದು ಈರೋಡಿನ ಜಿಲ್ಲಾ ಕಚೇರಿಗೆ ಹೋದರೆ ಅದು ಅಪರಿಚಿತ ಹೆಸರು. ಹೀಗೆ ನಮ್ಮ ಮಕ್ಕಳು ಎರಡೂ ಕಡೆಯ ಕಷ್ಟವನ್ನು ಅನುಭವಿಸುತ್ತಾರೆ: ಊರಿನಲ್ಲಿ ಹೆಸರು ಒಂದೇ ಎಂಬ ಗೊಂದಲ, ಕಚೇರಿಯಲ್ಲಿ ಹೆಸರು ತಿಳಿಯದೆಂಬ ತಪ್ಪುಬರಹ.

ಹೆಸರು ಹೋಲಿದರೆ ಏನು ನಷ್ಟವಾಗಬಹುದು?

ಸಾರ್ವಜನಿಕ ಜೀವನದಲ್ಲಿ ಇದಕ್ಕೆ ದೊಡ್ಡ ನಿದರ್ಶನಗಳಿವೆ. ಕೇರಳದ ಚುನಾವಣೆಗಳಲ್ಲಿ ಪ್ರಮುಖ ಅಭ್ಯರ್ಥಿಯ ಹೆಸರನ್ನೇ ಹೋಲುವ ಮತ್ತೊಬ್ಬರು ನಾಮಪತ್ರ ಸಲ್ಲಿಸುವುದು ಹಳೆಯ ತಂತ್ರ. ಅಂತಹವರಿಗೆ ಮಲಯಾಳದಲ್ಲಿ ‘ಅಪರನ್’ ಎಂಬ ಹೆಸರೇ ಇದೆ. 2004ರ ಲೋಕಸಭಾ ಚುನಾವಣೆಯಲ್ಲಿ ಆಲಪ್ಪುಳ ಕ್ಷೇತ್ರದಲ್ಲಿ ವಿ.ಎಂ. ಸುಧೀರನ್ ಅವರು 1,009 ಮತಗಳಿಂದ ಸೋತರು, ವಿ.ಎಸ್. ಸುಧೀರನ್ ಎಂಬ ಇನ್ನೊಬ್ಬ ಅಭ್ಯರ್ಥಿಗೆ ಎಂಟು ಸಾವಿರಕ್ಕೂ ಹೆಚ್ಚು ಮತಗಳು ಬಿದ್ದಿದ್ದವು. ನಮ್ಮದೇ ಮಂಜೇಶ್ವರ ಕ್ಷೇತ್ರದಲ್ಲಿ 2016ರ ವಿಧಾನಸಭಾ ಚುನಾವಣೆಯ ಗೆಲುವಿನ ಅಂತರ ಕೇವಲ 89. ಸೋತ ಅಭ್ಯರ್ಥಿಯ ಹೆಸರಿಗೆ ಹತ್ತಿರವಾದ ಹೆಸರಿನವರೊಬ್ಬರು 400ಕ್ಕೂ ಹೆಚ್ಚು ಮತ ಪಡೆದಿದ್ದರು. ಇಂತಹ ಗೊಂದಲವನ್ನು ತಪ್ಪಿಸಲೆಂದೇ ಚುನಾವಣಾ ಆಯೋಗವು 2015ರ ಮೇ 1ರ ಅನಂತರದ ಚುನಾವಣೆಗಳಲ್ಲಿ ಮತಯಂತ್ರದ ಮೇಲೆ ಅಭ್ಯರ್ಥಿಗಳ ಭಾವಚಿತ್ರವನ್ನೂ ಮುದ್ರಿಸುವ ಕ್ರಮವನ್ನು ತಂದಿತು. ಹೆಸರೊಂದೇ ಸಾಲದು, ಜೊತೆಗೆ ಇನ್ನೊಂದು ಗುರುತು ಬೇಕು ಎಂಬ ತತ್ತ್ವವೇ ಅಲ್ಲಿಯೂ ಕೆಲಸ ಮಾಡಿದೆ.

ಸಾಮಾನ್ಯ ಕುಟುಂಬಗಳಿಗೆ ನಷ್ಟವು ಇಷ್ಟು ನಾಟಕೀಯವಾಗಿ ಬರುವುದಿಲ್ಲ, ಸದ್ದಿಲ್ಲದೆ ಬರುತ್ತದೆ. ಶಾಲಾ ದಾಖಲೆಯ ಹೆಸರಿಗೂ ಆಧಾರ್‌ನ ಹೆಸರಿಗೂ ಹೊಂದಾಣಿಕೆಯಾಗದೆ ವಿದ್ಯಾರ್ಥಿವೇತನದ ಅರ್ಜಿ ಅರ್ಧದಲ್ಲಿ ನಿಲ್ಲುತ್ತದೆ. ಮತದಾರರ ಪಟ್ಟಿಯಲ್ಲಿ ಒಂದೇ ಹೆಸರಿನ ಇಬ್ಬರಲ್ಲಿ ಒಬ್ಬರನ್ನು ಎರಡು ಬಾರಿ ನಮೂದಾದವರೆಂದು ತಿಳಿದು ತೆಗೆದುಹಾಕುವ ಸಾಧ್ಯತೆಯಿದೆ. ಭೂದಾಖಲೆಯಲ್ಲಿ ತಾತನ ಹೆಸರೂ ದಾಯಾದಿಯ ಹೆಸರೂ ಒಂದೇ ಆಗಿದ್ದರೆ ಪಾಲಿನ ಹೊತ್ತಿನಲ್ಲಿ ಸಾಕ್ಷಿಗಳನ್ನು ಹುಡುಕಬೇಕಾಗುತ್ತದೆ.

ಗಲ್ಫ್ ದೇಶಗಳಿಗೆ ಹೋಗುವವರು ಹೆಚ್ಚಾಗಿರುವ ಕಾಸರಗೋಡಿಗೆ ಇನ್ನೊಂದು ವಿಷಯ ಮುಖ್ಯ. ಪಾಸ್‌ಪೋರ್ಟ್‌ನಲ್ಲಿ ಹೆಸರು ಮತ್ತು ಅಡ್ಡಹೆಸರು ಎಂಬ ಎರಡು ಕಲಮುಗಳಿವೆ. ಅಡ್ಡಹೆಸರಿಲ್ಲದ ನಮ್ಮಲ್ಲಿ ಹಲವರು ಒಂದನ್ನು ಖಾಲಿ ಬಿಡುತ್ತಾರೆ. ಇಂತಹ ಒಂಟಿ ಹೆಸರಿನ ಪಾಸ್‌ಪೋರ್ಟ್‌ನೊಂದಿಗೆ ಸಂದರ್ಶಕ ವೀಸಾದಲ್ಲಿ ಬರುವವರಿಗೆ ಪ್ರವೇಶವಿಲ್ಲವೆಂದು ಯುಎಇ 2022ರ ನವೆಂಬರ್‌ನಲ್ಲಿ ನಿಯಮ ತಂದಿತು. ಅಮೆರಿಕದ ವೀಸಾಗಳಲ್ಲಿ ಒಂಟಿ ಹೆಸರಿನವರಿಗೆ ಮೊದಲ ಹೆಸರಿನ ಜಾಗದಲ್ಲಿ, ಹೆಸರು ಗೊತ್ತಿಲ್ಲವೆಂಬ ಅರ್ಥದ ‘ಎಫ್‌ಎನ್‌ಯು’ ಎಂಬ ಅಕ್ಷರಗಳನ್ನು ಹಾಕುತ್ತಾರೆ. ಮನೆಯಲ್ಲಿ ಚೆಂದವಾಗಿ ಕರೆಯುವ ಹೆಸರಿಗೆ ಪರದೇಶದಲ್ಲಿ ಇಂತಹ ಗತಿ ಬರಬಾರದೆಂದರೆ ಎರಡನೆಯ ಕಲಮನ್ನು ಚಿಕ್ಕಂದಿನಲ್ಲಿಯೇ ಯೋಚಿಸಿಡಬೇಕು.

ಕನ್ನಡ ಪರಂಪರೆಯಲ್ಲಿ ಇದಕ್ಕೆ ಉಪಾಯವಿತ್ತು

ಹೆಸರುಗಳ ಹೋಲಿಕೆ ನಮ್ಮ ಕಾಲದ ತೊಂದರೆ ಮಾತ್ರವಲ್ಲ. ಹಳಗನ್ನಡದಲ್ಲಿ ನಾಗವರ್ಮ ಎಂಬ ಹೆಸರಿನ ಒಬ್ಬರಿಗಿಂತ ಹೆಚ್ಚು ಗ್ರಂಥಕರ್ತರಿದ್ದುದರಿಂದ ಯಾವ ಕೃತಿ ಯಾರದೆಂಬ ಚರ್ಚೆಯಲ್ಲಿ ವಿದ್ವಾಂಸರು ಬಹಳ ಶ್ರಮಪಟ್ಟರು. ವಚನಕಾರರು ಇದನ್ನು ಬೇರೆ ರೀತಿಯಲ್ಲಿ ಪರಿಹರಿಸಿದರು. ಅವರ ರಚನೆಯನ್ನು ಗುರುತಿಸುವುದು ಹೆಸರಿನಿಂದಲ್ಲ, ಅಂಕಿತದಿಂದ. ಸೊನ್ನಲಿಗೆಯ ಸಿದ್ಧರಾಮನ ಅಂಕಿತ ‘ಕಪಿಲಸಿದ್ಧ ಮಲ್ಲಿಕಾರ್ಜುನ’, ಅಕ್ಕಮಹಾದೇವಿಯದು ‘ಚೆನ್ನಮಲ್ಲಿಕಾರ್ಜುನ’. ಮಾದಾರ ಚೆನ್ನಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಎಂಬಲ್ಲಿ ಕಾಯಕವೇ ಗುರುತಾಯಿತು.

ಆಧುನಿಕ ಕನ್ನಡದಲ್ಲಿ ನರಸಿಂಹಾಚಾರ್ ಎಂಬ ಹೆಸರಿನ ಪ್ರಸಿದ್ಧರನ್ನು ನೋಡಿರಿ. ‘ಕರ್ನಾಟಕ ಕವಿಚರಿತೆ’ಯ ಆರ್. ನರಸಿಂಹಾಚಾರ್, ಕವಿ ಎಸ್.ಜಿ. ನರಸಿಂಹಾಚಾರ್, ವಿದ್ವಾಂಸ ಡಿ.ಎಲ್. ನರಸಿಂಹಾಚಾರ್, ಕವಿ ಪು.ತಿ. ನರಸಿಂಹಾಚಾರ್ ನಾಲ್ವರೂ ಬೇರೆ ಬೇರೆಯವರು. ಕೊನೆಯ ಇಬ್ಬರ ಜನನಕ್ಕೆ ಒಂದು ವರ್ಷದ ಅಂತರ ಮಾತ್ರ: 1905 ಮತ್ತು 1906. ಆದರೆ ಪುತಿನ ಎಂದರೆ ಯಾರು, ಡಿಎಲ್‌ಎನ್ ಎಂದರೆ ಯಾರು ಎಂದು ಯಾವ ಓದುಗನಿಗೂ ಸಂದೇಹವಿಲ್ಲ. ಕಾಸರಗೋಡಿನ ಕಯ್ಯಾರ ಕಿಞ್ಞಣ್ಣ ರೈಯವರ ಹೆಸರಿನಲ್ಲಿ ಊರು, ಹೆಸರು, ಮನೆತನ ಮೂರೂ ಪೂರ್ಣವಾಗಿ ಇವೆ. ‘ಕೆ. ರೈ’ ಎಂದು ಕುಗ್ಗಿಸಿದ್ದರೆ ಅದು ನೂರಾರು ಜನರ ಹೆಸರಾಗುತ್ತಿತ್ತು. ಹೆಸರು ಸಾಮಾನ್ಯವಾದರೂ ಆಗಲಿ, ಅದರ ಜೊತೆಯ ಗುರುತನ್ನು ಕುಗ್ಗಿಸಬಾರದು ಎಂಬ ಪಾಠ ಇದರಲ್ಲಿದೆ.

ಪೋಷಕರು ಮಾಡಬಹುದಾದುದು

ಮೊದಲನೆಯದಾಗಿ, ಹೆಸರನ್ನು ಆರಂಭದಲ್ಲಿಯೇ ಪೂರ್ಣವಾಗಿ ಬರೆಸಿರಿ. 1969ರ ಜನನ ಮರಣ ನೋಂದಣಿ ಕಾಯಿದೆಯ ವ್ಯವಸ್ಥೆಯಲ್ಲಿ ಮಗುವಿನ ಹೆಸರಿಲ್ಲದೆ ಜನನ ನೋಂದಣಿಯಾಗಿದ್ದರೆ 12 ತಿಂಗಳೊಳಗೆ ಶುಲ್ಕವಿಲ್ಲದೆಯೂ, ಅನಂತರ ತಡಶುಲ್ಕ ಕೊಟ್ಟು 15 ವರ್ಷದವರೆಗೂ ಹೆಸರನ್ನು ಸೇರಿಸಬಹುದು. ಕಾಯಿದೆಯ 2023ರ ತಿದ್ದುಪಡಿಯಿಂದಾಗಿ, 2023ರ ಅಕ್ಟೋಬರ್ 1 ಮತ್ತು ಅನಂತರ ಹುಟ್ಟಿದವರಿಗೆ ಶಾಲಾ ಪ್ರವೇಶ ಮೊದಲಾದ ಕಾರ್ಯಗಳಲ್ಲಿ ಜನನ ದಿನ ಮತ್ತು ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಆದುದರಿಂದ ಅಲ್ಲಿನ ಒಂದು ಅಕ್ಷರವೂ ಮುಂದಿನ ಎಲ್ಲ ದಾಖಲೆಗಳಿಗೆ ಬೀಜವಾಗುತ್ತದೆ.

ಎರಡನೆಯದಾಗಿ, ಮೂರು ಲಿಪಿಯ ಒಂದು ಚೀಟಿಯನ್ನು ಮಾಡಿಡಿರಿ. ಕನ್ನಡದಲ್ಲಿ, ರಾಜ್ಯಭಾಷೆಯಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ತಾಯಿಯ ಹೆಸರು ಹೇಗೆ ಇರಬೇಕೆಂದು ಮನೆಯವರು ಕುಳಿತು ತೀರ್ಮಾನಿಸಿ ಬರೆಯಿರಿ. ಅರ್ಜಿ ಸಲ್ಲಿಸುವ ಕಡೆಯಲ್ಲೆಲ್ಲ ಬಾಯಿಮಾತಿನಲ್ಲಿ ಹೇಳದೆ ಆ ಚೀಟಿಯನ್ನೇ ತೋರಿಸಿರಿ. ಆಧಾರ್‌ನಲ್ಲಿ ಹೆಸರನ್ನು ಸಾಮಾನ್ಯವಾಗಿ ಎರಡು ಬಾರಿ ಮಾತ್ರ, ಜನ್ಮದಿನಾಂಕವನ್ನು ಒಂದು ಬಾರಿ ಮಾತ್ರ ಬದಲಿಸಬಹುದು. ಒಂದು ತಪ್ಪನ್ನು ಆತುರದಲ್ಲಿ ತಿದ್ದಲು ಹೋಗಿ ಇನ್ನೊಂದು ತಪ್ಪು ಸೇರಿದರೆ ಆ ಅವಕಾಶ ವ್ಯರ್ಥವಾಗುತ್ತದೆ.

ಮೂರನೆಯದಾಗಿ, ಸಾಧ್ಯವಿರುವ ಕಡೆ ಇನಿಷಿಯಲ್ ಬದಲು ಪೂರ್ಣ ರೂಪವನ್ನು ಬಳಸಿರಿ. ಇನಿಷಿಯಲ್ ಊರಿನದೋ, ತಂದೆಯದೋ, ಮನೆತನದ್ದೋ ಎಂಬುದು ಒಂದೇ ಕುಟುಂಬದ ಅಣ್ಣತಂಗಿಯರ ದಾಖಲೆಗಳಲ್ಲಿ ಒಂದೇ ಬಗೆಯಾಗಿರಲಿ. ಪಾಸ್‌ಪೋರ್ಟ್, ಪಾನ್ ಮೊದಲಾದವುಗಳಿಗೆ ಅರ್ಜಿ ಬರೆಯುವಾಗ ಇನಿಷಿಯಲ್ ಬಿಡಿಸಬೇಕಾಗುತ್ತದೆ. ಆಗ ಹೊಸದಾಗಿ ಯೋಚಿಸುವಂತಾಗಬಾರದು.

ನಾಲ್ಕನೆಯದಾಗಿ, ಎರಡು ಹಂತಗಳಲ್ಲಿ ತಪ್ಪದೆ ಪರಿಶೀಲಿಸಿರಿ: ಒಂದನೆಯ ತರಗತಿಯ ಪ್ರವೇಶದ ದಿನ, ಮತ್ತು ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರುಪಟ್ಟಿ ಸಿದ್ಧವಾಗುವ ದಿನ. ಕೇರಳದ ‘ಸಂಪೂರ್ಣ’, ತಮಿಳುನಾಡಿನ ‘ಎಮಿಸ್’ ಮೊದಲಾದ ಗಣಕ ದಾಖಲೆಗಳಲ್ಲಿ ಪ್ರತಿ ಮಗುವಿಗೂ ಒಂದು ಸಂಖ್ಯೆಯಿದೆ. 12 ಅಂಕಿಗಳ ‘ಅಪಾರ್’ ಸಂಖ್ಯೆಯೂ ಈಗ ಬಂದಿದೆ. ಸಾಮಾನ್ಯ ಹೆಸರಿನ ಮಗುವಿಗೆ ಸಂಖ್ಯೆಯೇ ಕಾವಲು. ಯಾವ ಮನವಿಯಲ್ಲಿಯೂ ಹೆಸರಿನೊಡನೆ ಅದನ್ನು ಬರೆಯಿರಿ. ಅಂಕಪಟ್ಟಿ ಮುದ್ರಣವಾದ ಮೇಲೆ ತಿದ್ದುವುದು ತಿಂಗಳುಗಳ ಕೆಲಸ.

ತಿದ್ದುಪಡಿಯ ಮನವಿಯನ್ನು ಕನ್ನಡದಲ್ಲಿ ಬರೆಯಲು ಹಿಂಜರಿಯಬೇಕಾಗಿಲ್ಲ. ರಾಜ್ಯದಲ್ಲಿ ಅಥವಾ ಒಕ್ಕೂಟದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ಕೊಟ್ಟಿದೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲಿ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿಯೇ ಸರಕಾರದೊಡನೆ ಪತ್ರವ್ಯವಹಾರ ನಡೆಸುವ ಅವಕಾಶ ಇದೆ. ಕನ್ನಡದಲ್ಲಿ ಬರೆದ ಹೆಸರು ಆ ಕಾಗದದಲ್ಲಿ ಇದ್ದರೆ ಮೂಲರೂಪ ಯಾವುದೆಂಬುದಕ್ಕೆ ಅದೇ ದಾಖಲೆಯಾಗುತ್ತದೆ.

ಶಾಲೆಯೊಳಗೆ ಒಂದು ಎಚ್ಚರ

ದಾಖಲೆಗಿಂತ ದೊಡ್ಡದಾದ ಇನ್ನೊಂದು ವಿಷಯವಿದೆ. ತರಗತಿಯಲ್ಲಿ ಇಬ್ಬರು ಲಕ್ಷ್ಮಿಯರಿದ್ದಾಗ ಅವರನ್ನು ಬೇರ್ಪಡಿಸುವುದು ಹೇಗೆ? ಮೈಬಣ್ಣದಿಂದ, ಗಾತ್ರದಿಂದ, ಜಾತಿಯಿಂದ, ಕಲಿಕೆಯ ಮಟ್ಟದಿಂದ ವಿಶೇಷಣ ಸೇರಿಸುವ ಅಭ್ಯಾಸ ಎಷ್ಟೋ ಕಡೆ ಇದೆ. ತಮಾಷೆಗೆಂದು ಆರಂಭವಾದ ಆ ವಿಶೇಷಣ ಮಗುವಿನ ಹೆಸರನ್ನೇ ನುಂಗಿಬಿಡುತ್ತದೆ. ಶಾಲೆ ಬಿಟ್ಟು ಮೂವತ್ತು ವರ್ಷಗಳಾದರೂ ಊರಿನಲ್ಲಿ ಅದೇ ಉಳಿಯುತ್ತದೆ. ಊರಿನ ಹೆಸರಿನಿಂದಲೋ, ತಾಯಿ ಅಥವಾ ತಂದೆಯ ಹೆಸರಿನಿಂದಲೋ ಕರೆದರೆ ಯಾರಿಗೂ ನೋವಿಲ್ಲ. ಮೇಲಿನ ಮನೆಯ ಲಕ್ಷ್ಮಿ, ಕೆರೆಬದಿಯ ಲಕ್ಷ್ಮಿ ಎಂದು ಕರೆಯುವುದು ನಮ್ಮ ಹಿರಿಯರ ಕ್ರಮವೂ ಆಗಿತ್ತು. ಹೇಗೆ ಕರೆದರೆ ಇಷ್ಟ ಎಂದು ಆ ಮಕ್ಕಳನ್ನೇ ಕೇಳುವುದು ಇನ್ನೂ ಉತ್ತಮ.

ಸಾಮಾನ್ಯ ಹೆಸರನ್ನು ಇಟ್ಟೆವಲ್ಲಾ ಎಂದು ಯಾವ ಪೋಷಕರೂ ಪರಿತಪಿಸಬೇಕಾಗಿಲ್ಲ. ಗೊಂದಲದ ಭಯದಿಂದ ಮಾದಪ್ಪ, ಈರಣ್ಣ, ಸಿದ್ಧರಾಮರನ್ನು ಕೈಬಿಟ್ಟರೆ ನಾವು ಕಳೆದುಕೊಳ್ಳುವುದು ಹೆಚ್ಚು. ಹೆಸರನ್ನು ಬದಲಿಸುವುದಕ್ಕಿಂತ ಅದರ ಜೊತೆಯ ಗುರುತುಗಳನ್ನು ಪೂರ್ಣವಾಗಿ, ಎಲ್ಲ ಲಿಪಿಗಳಲ್ಲಿಯೂ ಒಂದೇ ಬಗೆಯಾಗಿ ಇರಿಸುವುದು ಸುಲಭ. ಈ ವಾರ ಮಗುವಿನ ಜನನ ಪ್ರಮಾಣಪತ್ರ, ಆಧಾರ್ ಮತ್ತು ಶಾಲಾ ಪ್ರವೇಶ ದಾಖಲೆ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿರಿ. ವ್ಯತ್ಯಾಸವಿದ್ದರೆ ಮುಖ್ಯೋಪಾಧ್ಯಾಯರನ್ನು ಈಗಲೇ ಕಾಣಿರಿ. ಪರೀಕ್ಷೆಯ ಹೆಸರುಪಟ್ಟಿ ಸಿದ್ಧವಾಗುವವರೆಗೆ ಕಾಯಬೇಡಿರಿ.